ಗಮ್ ಪ್ರಿಂಟ್: ಒಂದೇ ಲೇಪಕ್ಕೆ ಎಲ್ಲ ಹೊರೆ ಹೊರಿಸಬೇಡಿ

ಪ್ರಶ್ನೆ: ಗಮ್ ಬೈಕ್ರೋಮೇಟ್ ಪ್ರಿಂಟಿನಲ್ಲಿ (ಗೋಂದು, ಬಣ್ಣ, ಡೈಕ್ರೋಮೇಟ್ ಅಥವಾ ಬೈಕ್ರೋಮೇಟ್ ಎಂಬ ರಾಸಾಯನಿಕ ಕಲಸಿ ಕಾಗದಕ್ಕೆ ಹಚ್ಚಿ, ನೆಗೆಟಿವ್ ಇಟ್ಟು ಬಿಸಿಲಿಗೊಡ್ಡಿ, ನೀರಲ್ಲಿ ತೊಳೆದು ಮಾಡುವ ಫೋಟೊ) ಮೋಡ, ಬಿಳಿ ಅಂಗಿ ಇರುವ ಕಡೆ ಏನೂ ನಿಲ್ಲುವುದಿಲ್ಲ, ಬರೀ ಕಾಗದ. ಹೆಚ್ಚು ಹೊತ್ತು ಬಿಸಿಲಿಗಿಟ್ಟರೆ ನೆರಳೆಲ್ಲ ಮುಚ್ಚಿಹೋಗುತ್ತದೆ. ನೆಗೆಟಿವ್‌ನ ಕಾಂಟ್ರಾಸ್ಟ್ ಹೆಚ್ಚಿಸಲೇ?

ಉತ್ತರ: ಖಂಡಿತ ಬೇಡ, ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಕೇಳುವವರೆಲ್ಲ ಒಂದೇ ಲೇಪದಲ್ಲಿ ಚಿತ್ರ ಮುಗಿಸಲು ಹೊರಟವರು. ಬೆಳಕು ಮೇಲಿನಿಂದ ಬೀಳುತ್ತದೆ, ಗೋಂದು ಗಟ್ಟಿಯಾಗುವುದೂ ಮೇಲಿನಿಂದಲೇ. ಹೈಲೈಟಿನ, ಅಂದರೆ ಚಿತ್ರದ ತಿಳಿ ಭಾಗದ, ಕಡೆ ಮೇಲ್ಪದರವಷ್ಟೇ ಗಟ್ಟಿಯಾಗಿ ಬುಡ ಮೆತ್ತಗೇ ಉಳಿಯುತ್ತದೆ. ನೀರಿಗೆ ಹಾಕಿದಾಗ ಬುಡ ಕರಗಿ ಮೇಲಿನದೂ ಕಳಚುತ್ತದೆ. ಟ್ರೇಯಲ್ಲಿ ನಿಮ್ಮ ಮೋಡ ಹಾಲಿನ ಕೆನೆಯ ಹಾಗೆ ಎದ್ದು ತೇಲಿಹೋಗಿದ್ದನ್ನು ನೀವೇ ನೋಡಿರುತ್ತೀರಿ.

ಹಾಗಾಗಿ ಕೆಲಸ ಹಂಚಿ. ನೆರಳಿನ ಲೇಪಕ್ಕೆ ನಾನು 10 ಮಿ.ಲೀ. ಗೋಂದಿನ ದ್ರಾವಣಕ್ಕೆ 1 ಗ್ರಾಂ ಲ್ಯಾಂಪ್ ಬ್ಲ್ಯಾಕ್ ಎಂಬ ಕಪ್ಪು ಟ್ಯೂಬ್ ಬಣ್ಣ ಹಾಕುತ್ತೇನೆ, ಎಕ್ಸ್‌ಪೋಷರ್ (ಬೆಳಕಿಗಿಡುವ ಹೊತ್ತು) ಕಡಿಮೆ. ಹೈಲೈಟಿನ ಲೇಪಕ್ಕೆ ಬಣ್ಣ ಕಾಲು ಗ್ರಾಂ ಸಾಕು, ಎಕ್ಸ್‌ಪೋಷರ್ ಮೂರು ಪಟ್ಟು. ಬಣ್ಣ ಕಮ್ಮಿಯಾದ್ದರಿಂದ ಬೆಳಕು ಬುಡದವರೆಗೂ ಇಳಿಯುತ್ತದೆ. ನೆರಳಿನ ಮೇಲೂ ಈ ಲೇಪ ಕೂರುತ್ತದೆ, ಆದರೆ ಅಲ್ಲಿನ ವಿವರ ಮುಚ್ಚುವಷ್ಟು ಬಣ್ಣ ಅದರಲ್ಲಿರುವುದಿಲ್ಲ. ಇವೆರಡರ ನಡುವಿನದೊಂದು ಮಧ್ಯದ ಛಾಯೆಗಳಿಗೆ. ಡೈಕ್ರೋಮೇಟ್ ಹೆಚ್ಚಿದರೆ ಕಾಂಟ್ರಾಸ್ಟ್ ಇಳಿದು ಛಾಯೆಗಳು ಹರಡಿಕೊಳ್ಳುತ್ತವೆ, ಕಡಿಮೆಯಾದರೆ ಬಿಗಿಯಾಗುತ್ತವೆ. ಅದಕ್ಕೇ ಹೈಲೈಟಿಗೆ ಡೈಕ್ರೋಮೇಟ್ ದ್ರಾವಣ ನೀರು ಬೆರೆಸದೆ, ನೆರಳಿಗೆ ದ್ರಾವಣದಷ್ಟೇ ನೀರು ಬೆರೆಸಿದ್ದು. ವಿಯೆನ್ನಾ ಕ್ಯಾಮೆರಾ ಕ್ಲಬ್ಬಿನ ಕ್ಯೂನ್, ಹೆನ್ನೆಬರ್ಗ್, ವಾಟ್ಸೆಕ್ 1890ರ ದಶಕದಲ್ಲೇ ಲೇಪದ ಮೇಲೆ ಲೇಪ ಹಾಕುತ್ತಿದ್ದರು. ಇದರಲ್ಲಿ ‘ಗುಟ್ಟಿನ ಪುಡಿ’ ಯಾವುದೂ ಇಲ್ಲ, ಮಾರುವವರಿಂದ ದೂರವಿರಿ.

ಮಳೆಗಾಲದಲ್ಲಿ ಲೇಪ ಒಣಗಿದ ಕೂಡಲೇ ಬೆಳಕಿಗಿಡಿ. ತೇವದ ಗಾಳಿಗೆ ಕತ್ತಲಲ್ಲೂ ಅದು ತಾನಾಗಿ ಗಟ್ಟಿಯಾಗುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದರೆ ಬಿಳುಪು ತೆರೆಯುವುದೇ ಇಲ್ಲ.

ಪ್ರಶ್ನೆ: ಅಂಟಿನುಂಡೆಗೆ ತಂದ ಗೋಂದು ಆಗುತ್ತದೆಯೇ?

ಉತ್ತರ: ಒಂದೊಂದು ಸಲ ಒಂದೊಂದು ಮರದ ಅಂಟು ಬರುತ್ತದೆ, ನಿಮ್ಮ ಅಳತೆಗಳೆಲ್ಲ ಕೆಡುತ್ತವೆ. ಬೇಡ.

ಪ್ರಶ್ನೆ: ಬಣ್ಣ ಎಷ್ಟು ಹಾಕಬೇಕೆಂದು ತಿಳಿಯಲು ಡೈಕ್ರೋಮೇಟ್ ಇಲ್ಲದೆ ಗೋಂದು-ಬಣ್ಣ ಮಾತ್ರ ಹಚ್ಚಿ, ತೊಳೆದು ನೋಡಬಹುದೇ?

ಉತ್ತರ: ಬಿಸಿಲು ಕಾಣದ ಗೋಂದು ಬಿಸಿಲು ಕಂಡದ್ದರ ಹಾಗೆ ವರ್ತಿಸುವುದಿಲ್ಲ. ಸಮಯ ದಂಡ.

ಪ್ರಶ್ನೆ: ಕೈಗವಸು ಬೇಕೇ ಬೇಕೇ? ವಿಡಿಯೊಗಳಲ್ಲಿ ಬರಿಗೈಲೇ ಮಾಡುತ್ತಾರೆ.

ಉತ್ತರ: ಅವರು ಮಾಡುವುದು ತಪ್ಪು. ಡೈಕ್ರೋಮೇಟ್‌ನಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಕಲಿಯುವ ದಿನಗಳಲ್ಲಿ ನಾನೂ ಬರಿಗೈಲಿ ಕಲಸಿ, ಬೆರಳ ಸಂದಿಯ ಹುಣ್ಣನ್ನು ವಾರಗಟ್ಟಲೆ ಅನುಭವಿಸಿದ್ದೇನೆ. ನೈಟ್ರೈಲ್ ಕೈಗವಸು ಹಾಕಿ, ಪುಡಿ ತೂಗುವಾಗ ಮಾಸ್ಕ್ ಕಟ್ಟಿ, ಅಡುಗೆಮನೆಯ ಸಿಂಕ್ ಹತ್ತಿರವೂ ತರಬೇಡಿ.