‘ಟೇಕ್ ದ ರೇನ್ಸ್’ ಅಂದರೆ ಕಡಿವಾಣ ಹಾಕುವುದಲ್ಲ

‘ಟೇಕ್ ದ ರೇನ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಮನೆಯಲ್ಲಿ, ಆಫೀಸಿನಲ್ಲಿ ಆಡುವ ಮಾತಿನಲ್ಲಿ ಬಳಸುವುದು ಹೇಗೆ ಅಂತ ಕೇಳಿದ್ದೀರಿ. ನೀವೇ ಮಾಡಿದ ಒಂದು ವಾಕ್ಯವನ್ನೂ ಕೊಟ್ಟಿದ್ದೀರಿ: ‘ದ ಗವರ್ನಮೆಂಟ್ ಶುಡ್ ಟೇಕ್ ದ ರೇನ್ಸ್ ಆಫ್ ಆನಿಯನ್ ಪ್ರೈಸಸ್.’ ಈರುಳ್ಳಿ ಬೆಲೆಗೆ ಸರ್ಕಾರ ಕಡಿವಾಣ ಹಾಕಬೇಕು ಅನ್ನುವುದು ನಿಮ್ಮ ಮನಸ್ಸಿನಲ್ಲಿತ್ತು. ಆದರೆ ಈ ವಾಕ್ಯ ಆ ಮಾತು ಹೇಳುವುದಿಲ್ಲ. ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ಮಕ್ಕಳೂ ಸರಿಯಾಗಿ ಇಲ್ಲೇ ಎಡವುತ್ತಾರೆ. ಎಡವಲು ಕಾರಣ ನಮ್ಮ ಕನ್ನಡದಲ್ಲೇ ಇದೆ, ಅದನ್ನು ಮೊದಲು ಹೇಳುತ್ತೇನೆ.

ನಮ್ಮ ತಾತ ಟಾಂಗಾ ಓಡಿಸುತ್ತಿದ್ದರು. ರೈಲ್ವೆ ಸ್ಟೇಷನ್ನಿಂದ ಅಗ್ರಹಾರದ ಕಡೆಗೆ ಜಾಸ್ತಿ ಬಾಡಿಗೆ ಸಿಗುತ್ತಿತ್ತು. ನನಗೆ ಹತ್ತು ವರ್ಷ ಇದ್ದಾಗ ಒಂದು ಸಂಜೆ, ಗಾಡಿ ಖಾಲಿ ಮನೆಗೆ ಹೋಗುವಾಗ, ಲಗಾಮನ್ನು ನನ್ನ ಕೈಗೆ ಕೊಟ್ಟರು. ಎರಡು ಚರ್ಮದ ಪಟ್ಟಿ, ಬಲಕ್ಕೊಂದು ಎಡಕ್ಕೊಂದು. ತಾತನ ಕೈಬೆವರಿಗೆ ಕಪ್ಪಾಗಿ, ನುಣ್ಣಗಾಗಿದ್ದವು. ನಾನು ಭಯಕ್ಕೆ ಎರಡನ್ನೂ ಎದೆಗೆ ಎಳೆದುಕೊಂಡೆ. ಕುದುರೆ ತಲೆ ಕೊಡವಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ತಾತ ಗದರಲಿಲ್ಲ. ‘ಬಿಗಿಯಾಗಿ ಜಗ್ಗಬ್ಯಾಡ ಕಣ್ ಮಗ, ಅದ್ರ ಬಾಯಿ ನೋಯ್ತದೆ. ನಿನ್ನ ಕೈಲಿ ಐತೆ ಅಂತ ಅದಕ್ಕೆ ಗೊತ್ತಾದ್ರೆ ಸಾಕು’ ಅಂದರು.

ಆ ಪಟ್ಟಿಗಳೇ ರೇನ್ಸ್. ಎರಡು ಇರುವುದರಿಂದಲೇ ಈ ನುಡಿಗಟ್ಟಿನಲ್ಲಿ ಯಾವಾಗಲೂ ಬಹುವಚನ. ಪಟ್ಟಿಯ ಒಂದು ತುದಿ ಓಡಿಸುವವನ ಕೈಯಲ್ಲಿ. ಇನ್ನೊಂದು ತುದಿ ಕುದುರೆಯ ಬಾಯಲ್ಲಿರುವ ಕಬ್ಬಿಣಕ್ಕೆ, ಅಂದರೆ ಕಡಿವಾಣಕ್ಕೆ, ಸೇರಿರುತ್ತದೆ. ಈಗ ನೋಡಿ, ಕನ್ನಡ ತನ್ನ ನುಡಿಗಟ್ಟಿಗೆ ಕುದುರೆಯ ಬಾಯಿನ ತುದಿಯನ್ನು ತೆಗೆದುಕೊಂಡಿತು: ಕಡಿವಾಣ ಹಾಕು ಅಂದರೆ ತಡೆ, ಹತೋಟಿಗೆ ತಾ. ‘ಟೇಕ್ ದ ರೇನ್ಸ್’ ಮನುಷ್ಯನ ಕೈಯ ತುದಿಯನ್ನು ಹಿಡಿಯಿತು: ಗಾಡಿ ಓಡಿಸುವ ಹೊಣೆ ಈಗ ನನ್ನದು. ಇದರಲ್ಲಿ ತಡೆಯುವ ಮಾತೇ ಇಲ್ಲ. ಗಾಡಿಯನ್ನು ಮುಂದಕ್ಕೆ ನಡೆಸುವ ಮಾತು ಇದು.

ಕನ್ನಡದಲ್ಲಿ ಇದಕ್ಕೆ ತೀರಾ ಹತ್ತಿರದ್ದು ‘ಸಾರಥ್ಯ ವಹಿಸಿಕೊಳ್ಳುವುದು’. ಸಾರಥಿಯ ಕೈಯಲ್ಲಿ ಇರುವುದೂ ಲಗಾಮೇ ಅಲ್ವಾ. ಪೇಪರಿನವರು ‘ಚುಕ್ಕಾಣಿ ಹಿಡಿದರು’ ಅಂತ ಬರೆಯುತ್ತಾರೆ, ಅದು ಹಡಗಿನಿಂದ ಬಂದ ಮಾತು, ಅರ್ಥ ಹೆಚ್ಚುಕಮ್ಮಿ ಅದೇ. ಮನೆಮಾತಿನಲ್ಲಾದರೆ ‘ಯಜಮಾನಿಕೆ ವಹಿಸ್ಕೊಂಡ್ರು’, ಇಲ್ಲವೇ ಸುಮ್ನೆ ‘ಈಗ ಎಲ್ಲಾ ಅವರೇ ನೋಡ್ಕೊಳ್ತಾರೆ’.

ಬಳಸುವಾಗ ಒಂದು ವಿಷಯ ಗಮನದಲ್ಲಿಡಿ: ಗಾಡಿ ಮೊದಲೇ ಇರಬೇಕು. ಬೇರೆ ಯಾರೋ ಓಡಿಸುತ್ತಿದ್ದದ್ದು ನಿಮ್ಮ ಕೈಗೆ ಬರಬೇಕು. ಹೊಸದಾಗಿ ಅಂಗಡಿ ತೆರೆದವರಿಗೆ ಈ ಮಾತು ಹೊಂದುವುದಿಲ್ಲ. ಅವರಪ್ಪ ನಡೆಸುತ್ತಿದ್ದ ಅಂಗಡಿಯಲ್ಲಿ ಈಗ ಮಗಳು ಕೂತರೆ ಹೊಂದುತ್ತದೆ. ಒಂದು ಸಲ ಕಾಫಿ ಮಾಡಿದ್ದಕ್ಕೋ, ಒಂದು ಬಿಲ್ ಕಟ್ಟಿದ್ದಕ್ಕೋ ಇದನ್ನು ಬಳಸಬೇಡಿ, ದಿನ ದಿನ ನಡೆಯುವ ಕೆಲಸದ ಹೊಣೆ ಇರಬೇಕು.

ನನಗೆ ಈ ನುಡಿಗಟ್ಟು ಕೇಳಿದಾಗಲೆಲ್ಲ ನೆನಪಾಗುವವರು ನಮ್ಮ ಸೋದರತ್ತೆ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಅವರ ಆಲೆಮನೆ. ಮಾವ ತೀರಿಕೊಂಡಾಗ ಕಬ್ಬು ಕಡಿದು ಗಾಣದ ಪಕ್ಕ ರಾಶಿ ಹಾಕಿತ್ತು. ಕಡಿದ ಕಬ್ಬು ಕಾಯುವುದಿಲ್ಲ, ಒಣಗಿದಷ್ಟೂ ಇಳುವರಿ ಕಮ್ಮಿ. ಅದೇ ವಾರ ಅತ್ತೆ ಕೊಪ್ಪರಿಗೆ ಪಕ್ಕ ಬಂದು ನಿಂತರು. ಮಾವ ಇರುವವರೆಗೆ ಆ ಜಾಗದಲ್ಲಿ ಹೆಂಗಸರು ನಿಂತಿದ್ದನ್ನು ನಾನು ಕಂಡಿರಲಿಲ್ಲ. ಕುದಿಯುವ ಪಾಕವನ್ನು ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ‘ಆಯ್ತು, ಇಳಿಸ್ರಪ್ಪ’ ಅಂದರು. ಆಳುಗಳು ಮರುಮಾತಾಡದೆ ಇಳಿಸಿದರು. ‘ಆಫ್ಟರ್ ಮೈ ಅಂಕಲ್ ಡೈಡ್, ಮೈ ಆಂಟ್ ಟುಕ್ ದ ರೇನ್ಸ್ ಆಫ್ ದ ಆಲೆಮನೆ.’ ಕ್ಲಾಸಿನಲ್ಲಿ ನಾನು ಮೊದಲು ಬರೆಸುವ ವಾಕ್ಯ ಇದೇ.

ವಾಕ್ಯದ ಕಟ್ಟು ಕಷ್ಟವಿಲ್ಲ. ಯಾವುದರ ಹೊಣೆಯೋ ಅದಕ್ಕೆ ‘ಆಫ್’. ಯಾರಿಂದ ಬಂತೋ ಅವರಿಗೆ ‘ಫ್ರಮ್’. ‘ಶಿ ಟುಕ್ ದ ರೇನ್ಸ್ ಫ್ರಮ್ ಹರ್ ಬಾಸ್ ಇನ್ ಜೂನ್.’ ಬಿಟ್ಟುಕೊಡುವವರ ಕಡೆಯಿಂದ ಹೇಳುವುದಾದರೆ ‘ಹ್ಯಾಂಡ್ ಓವರ್ ದ ರೇನ್ಸ್ ಟು’: ‘ನೆಕ್ಸ್ಟ್ ಇಯರ್ ಐ ವಿಲ್ ಹ್ಯಾಂಡ್ ಓವರ್ ದ ರೇನ್ಸ್ ಆಫ್ ದ ಗಣೇಶ ಕಮಿಟಿ ಟು ದ ಯಂಗ್‌ಸ್ಟರ್ಸ್.’ ಹೊಣೆ ಈಗಲೂ ಅವರದೇ ಅನ್ನಬೇಕಾದರೆ ‘ಹೋಲ್ಡ್ಸ್ ದ ರೇನ್ಸ್’: ‘ಇನ್ ಅವರ್ ಹೌಸ್, ಅಜ್ಜಿ ಸ್ಟಿಲ್ ಹೋಲ್ಡ್ಸ್ ದ ರೇನ್ಸ್.’

ಬರೆಯುವಾಗ ಇನ್ನೊಂದು ಎಚ್ಚರ. ಅರಸರ ಆಳ್ವಿಕೆಗೂ ಇಂಗ್ಲಿಷಿನಲ್ಲಿ ರೇನ್ ಅಂತಲೇ ಉಚ್ಚಾರ, ಆದರೆ ಅದರ ಕಾಗುಣಿತದಲ್ಲಿ ಒಂದು ‘ಜಿ’ ಇದೆ. ಲಗಾಮಿನದು ಬರೀ ಆರ್, ಇ, ಐ, ಎನ್. ಕಿವಿಗೆ ಎರಡೂ ಒಂದೇ, ಅದಕ್ಕೇ ಇಂಗ್ಲಿಷ್ ಮನೆಮಾತಿನವರೂ ಎಷ್ಟೋ ಜನ ತಪ್ಪು ಬರೆಯುತ್ತಾರೆ. ಮೈಸೂರಿನವರಿಗೆ ಇದನ್ನು ನೆನಪಿಡುವುದು ಸುಲಭ, ನಮ್ಮ ಚರಿತ್ರೆಯೇ ಪಾಠ ಹೇಳಿಕೊಡುತ್ತದೆ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. 1895ರಲ್ಲಿ ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಆಗ ಅವರಿಗೆ ಹತ್ತು ವರ್ಷ. ಜಿ ಇರುವ ರೇನ್ ಅಲ್ಲಿಂದ ಶುರು, 1940ರವರೆಗೆ. ಆದರೆ ರಾಜ್ಯದ ಲಗಾಮು ಇದ್ದದ್ದು ತಾಯಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿ. ರೀಜೆಂಟ್ ಆಗಿ, ಅಂದರೆ ಚಿಕ್ಕ ವಯಸ್ಸಿನ ಅರಸರ ಪರವಾಗಿ ಆಳುವವರಾಗಿ, ಅವರೇ ಏಳು ವರ್ಷ ರಾಜ್ಯ ನೋಡಿಕೊಂಡರು. 1902ರ ಆಗಸ್ಟಿನಲ್ಲಿ, ಹದಿನೆಂಟು ತುಂಬಿದ ಮೇಲೆ, ಮಗನಿಗೆ ಪೂರ್ಣ ಅಧಿಕಾರ ಬಂತು. ‘ಹಿ ಟುಕ್ ದ ರೇನ್ಸ್ ಫ್ರಮ್ ಹಿಸ್ ಮದರ್ ಇನ್ 1902.’ ಕೆ.ಆರ್. ಸರ್ಕಲ್ಲಿನಲ್ಲಿ ನಾಲ್ವಡಿಯವರ ಪ್ರತಿಮೆ ಕಂಡಾಗ ಜಿ ಇರುವ ರೇನ್‌ಗೆ 1895, ಲಗಾಮಿನ ರೇನ್ಸ್‌ಗೆ 1902, ಈ ಎರಡು ಇಸವಿ ನೆನೆಸಿಕೊಳ್ಳಿ, ಕಾಗುಣಿತ ತಪ್ಪುವುದಿಲ್ಲ.

ಇನ್ನೂ ಹಿಂದೆ ಹೋದರೆ ನೋವಿನ ಉದಾಹರಣೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1831ರಲ್ಲಿ, ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಅರಸರು ಅರಮನೆಯಲ್ಲೇ ಇದ್ದರು, ಬಿರುದುಗಳೂ ಇದ್ದವು, ಲಗಾಮು ಮಾತ್ರ ಕಮಿಷನರುಗಳ ಕೈಯಲ್ಲಿ. ಅದು ಒಡೆಯರ ಮನೆಗೆ ತಿರುಗಿ ಬರಲು 50 ವರ್ಷ ಬೇಕಾಯಿತು, 1881ರಲ್ಲಿ. ಅಷ್ಟು ಹೊತ್ತಿಗೆ ಮುಮ್ಮಡಿಯವರು ಹೋಗಿ 13 ವರ್ಷ ಆಗಿತ್ತು.

ದಿನದ ಮಾತಿಗೆ ಈ ನುಡಿಗಟ್ಟು ಸ್ವಲ್ಪ ತೂಕದ್ದು. ಆಫೀಸಿನ ಮೇಲ್‌ನಲ್ಲಿ, ಇಂಟರ್‌ವ್ಯೂನಲ್ಲಿ, ಬೀಳ್ಕೊಡುಗೆ ಭಾಷಣದಲ್ಲಿ ಚೆನ್ನಾಗಿ ಕೂರುತ್ತದೆ. ಗೆಳೆಯರ ಜೊತೆ ಮಾತಾಡುವಾಗ ‘ಟೇಕ್ ಚಾರ್ಜ್’ ಸಾಕು. ಇಂಟರ್‌ವ್ಯೂಗೆ ಒಂದು ವಾಕ್ಯ ಇಟ್ಟುಕೊಳ್ಳಿ: ‘ವೆನ್ ಅವರ್ ಟೀಮ್ ಲೀಡ್ ವೆಂಟ್ ಆನ್ ಲೀವ್ ಫಾರ್ ತ್ರೀ ಮಂತ್ಸ್, ಐ ಟುಕ್ ದ ರೇನ್ಸ್.’ ಅದಾದ ಮೇಲೆ ಆ ಮೂರು ತಿಂಗಳು ಏನೇನು ಮಾಡಿದಿರಿ ಅಂತ ಖಂಡಿತ ಕೇಳುತ್ತಾರೆ, ಅದಕ್ಕೆ ಉತ್ತರ ರೆಡಿ ಇರಲಿ.

ಇನ್ನು ನಿಮ್ಮ ಈರುಳ್ಳಿ. ಕಡಿವಾಣ ಹಾಕುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಲಗಾಮು ಇದೆ, ಆದರೆ ಕ್ರಿಯಾಪದವಾಗಿ: ‘ರೇನ್ ಇನ್’. ‘ದ ಗವರ್ನಮೆಂಟ್ ಶುಡ್ ರೇನ್ ಇನ್ ಆನಿಯನ್ ಪ್ರೈಸಸ್.’ ‘ಟೇಕ್’ ತೆಗೆಯಿರಿ, ‘ಇನ್’ ಸೇರಿಸಿ. ನೀವು ಹೇಳಬೇಕು ಅಂದುಕೊಂಡಿದ್ದ ಮಾತು ಇದೇ.