ಮಳೆಗಾಲಕ್ಕೆ ಪುಸ್ತಕ, ಅಡಿಕೆ ಸುಲಿಯುವ ಕಾಲಕ್ಕೆ ರೆಕಾರ್ಡಿಂಗ್

ನೀವು ಕೇಳಿದ್ದು ಇಷ್ಟು. ಬಳ್ಳಾರಿಯಿಂದ ಸಾಗರಕ್ಕೆ ವರ್ಗ ಆಗಿದೆ, ಮಳೆ ಬಿಡುವ ಲಕ್ಷಣ ಇಲ್ಲ, ಸಂಜೆಯಾದರೆ ಕರೆಂಟ್ ಇರುವುದಿಲ್ಲ, ಬರೀ ಕಾದಂಬರಿ ಬೇಡ, ಬೇರೆ ಬೇರೆ ವಿಷಯದ ಪುಸ್ತಕ ಹೇಳಿ, ಜೊತೆಗೆ ಕಣ್ಣು ಮಂಜಾಗಿರುವ ತಾಯಿಗೆ ಕೇಳಲು ಏನಾದರೂ ಹೇಳಿ ಅಂತ.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ. ಮೇಷ್ಟ್ರೂ ಅಲ್ಲ, ವಿಮರ್ಶಕನೂ ಅಲ್ಲ. ಪುಸ್ತಕ ಆರಿಸಲು ನನ್ನ ಹತ್ರ ಇರುವುದು ಒಂದೇ ಅಳತೆ. ಬರೆದವರು ಆ ಕೆಲಸವನ್ನು ಕೈಯಾರೆ ಮಾಡಿರಬೇಕು. ಗಿಡದ ಬಗ್ಗೆ ಬರೆದಿದ್ದರೆ ಕಾಡಿಗೆ ಹೋಗಿ ಜಿಗಣೆ ಕಚ್ಚಿಸಿಕೊಂಡಿರಬೇಕು, ಸಂಗೀತದ ಬಗ್ಗೆ ಬರೆದಿದ್ದರೆ ಗುರುಗಳ ಹತ್ರ ಬೈಸಿಕೊಂಡಿರಬೇಕು. ಅಂಥವರು ಯಾವ ವಿಷಯ ಬರೆದರೂ ನಾನು ಓದುತ್ತೇನೆ. ಉಳಿದವರು ಎಷ್ಟೇ ಚಂದ ಬರೆದಿರಲಿ, ಹತ್ತು ಪುಟಕ್ಕೆ ನಿದ್ದೆ ಬರುತ್ತದೆ.

ಮೊದಲು ಬಿ.ಜಿ.ಎಲ್. ಸ್ವಾಮಿ. ಇವರು ಡಿವಿಜಿ ಅವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ‘ಹಸುರು ಹೊನ್ನು’ ಅಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡು ಸುತ್ತಿ ಗಿಡ ಹುಡುಕಿದ ಕತೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಮರದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಹುಡುಗರ ತರಲೆ, ಪ್ರೊಫೆಸರ್‌ಗಳ ಕೊಂಕು ಎಲ್ಲ ಓದಿ ನಗುತ್ತಾ ಇರುತ್ತೀರಿ, ಅಷ್ಟರಲ್ಲಿ ಯಾವುದೋ ಒಂದು ಎಲೆ ಹೇಗೆ ಹುಟ್ಟುತ್ತದೆ, ಹೂವಿನ ಒಳಗೆ ಏನಿದೆ ಅಂತ ತಿಳಿದುಕೊಂಡೂ ಆಗಿರುತ್ತದೆ. ಚಿತ್ರಗಳನ್ನೂ ಅವರೇ ಬರೆದದ್ದು. ಒಂದೇ ಸಲಕ್ಕೆ ಓದಿ ಮುಗಿಸಬೇಡಿ. ಮಳೆ ಸ್ವಲ್ಪ ಹೊಳವಾದಾಗ ಮನೆ ಹಿಂದಿನ ಧರೆಯ (ಗುಡ್ಡ ಕಡಿದ ಮಣ್ಣಿನ ಗೋಡೆಯ) ಹತ್ರ ಸುಮ್ನೆ ಹೋಗಿ ನಿಂತು ನೋಡಿ, ಮತ್ತೆ ಬಂದು ಓದಿ. ಬಳ್ಳಾರಿಯ ಬಿಸಿಲಿನಿಂದ ಬಂದವರಿಗೆ ಇಲ್ಲಿ ಒಂದು ಗೋಡೆಯ ಪಾಚಿಯಲ್ಲೇ ಬೇಕಾದಷ್ಟು ನೋಡುವುದು ಇರುತ್ತದೆ.

ಅವರದ್ದೇ ಇನ್ನೊಂದು, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ನನ್ನ ಪ್ರಕಾರ ಇದನ್ನು ಅಡುಗೆ ಮಾಡುವವರೆಲ್ಲ ಓದಬೇಕು. ಇದನ್ನು ಓದುವ ಮೊದಲು ನಿಮ್ಮ ತರಕಾರಿ ಬುಟ್ಟಿ ಒಮ್ಮೆ ನೋಡಿ. ಆಲೂಗಡ್ಡೆ, ಟೊಮೇಟೊ, ಹಸಿಮೆಣಸಿನಕಾಯಿ. ಡಬ್ಬಿಯಲ್ಲಿ ಶೇಂಗಾ, ಗೋಡಂಬಿ. ಹಿತ್ತಲಲ್ಲಿ ಪೇರಲೆ, ಪರಂಗಿ, ಅನಾನಸು. ಇವುಗಳಲ್ಲಿ ಒಂದೂ ನಮ್ಮ ದೇಶದ್ದಲ್ಲ. ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು, ಅದೂ 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ. ನಮಗೆ ಇದರಲ್ಲಿ ಜಾಸ್ತಿ ತಂದುಕೊಟ್ಟವರು ಪೋರ್ಚುಗೀಸರು. ಅದಕ್ಕೆ ಮುಂಚೆ ಖಾರಕ್ಕೆ ಅಂತ ನಮ್ಮವರ ಕೈಯಲ್ಲಿ ಇದ್ದದ್ದು ಕಾಳುಮೆಣಸು, ಶುಂಠಿ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿರುವ ಕಾಳುಮೆಣಸಿನ ಬಳ್ಳಿ ಈ ಘಟ್ಟದ್ದೇ ಮಗಳು. ಅದೇ ತೋಟದ ಅಂಚಿನಲ್ಲಿ ತಾನಾಗಿ ಹುಟ್ಟಿದ ಹಾಗೆ ನಿಂತಿರುವ ಸೂಜಿಮೆಣಸು ಸಮುದ್ರ ದಾಟಿ ಬಂದ ಸೊಸೆ. ಈಗ ಯಾರಿಗೂ ಆ ವ್ಯತ್ಯಾಸ ಕಾಣುವುದಿಲ್ಲ. ನಮ್ಮಲ್ಲಿ ‘ಅಪ್ಪಟ ಸಾಂಪ್ರದಾಯಿಕ ಅಡುಗೆ’ ಅಂತ ಬೋರ್ಡ್ ಹಾಕಿಕೊಂಡು ಆಲೂಗಡ್ಡೆ ಪಲ್ಯ ಬಡಿಸುವ ಹೋಟೆಲುಗಳಿವೆ. ಅಲ್ಲಿ ಕೂತಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗಿ ನಗು ಬರುತ್ತದೆ.

ತೇಜಸ್ವಿ ಅವರನ್ನು ನಾನು ಹೇಳದಿದ್ದರೂ ಇಲ್ಲಿ ಇನ್ನು ಹತ್ತು ಜನ ಹೇಳುತ್ತಾರೆ. ನನ್ನದು ಒಂದೇ ಸಲಹೆ. ‘ಕರ್ವಾಲೊ’ಗಿಂತ ಮೊದಲು ‘ಪರಿಸರದ ಕತೆ’ ಹಿಡಿಯಿರಿ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಬಂದೂಕು, ಗಾಳ, ಕ್ಯಾಮೆರಾ ಮೂರನ್ನೂ ಒಂದೊಂದು ಕಾಲದಲ್ಲಿ ಹಿಡಿದ ಮನುಷ್ಯ ಅವರು. ಅದರಲ್ಲಿ ನಾಯಿ ಇದೆ, ಮೀನು ಇದೆ, ಕೆಲಸದಾಳುಗಳ ಮಾತು ಹಾಗೇ ಇದೆ. ಪರಿಸರ ಉಳಿಸಿ ಅಂತ ಭಾಷಣ ಮಾತ್ರ ಇಲ್ಲ. ಆಮೇಲೆ ‘ಕರ್ವಾಲೊ’ ಓದಿ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕತೆ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ನನಗೆ ಅದರಲ್ಲಿ ಇಷ್ಟ ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು, ಜೇನಿನ ವಿಷಯಕ್ಕೆ ಬಂದರೆ ವಿಜ್ಞಾನಿಯೇ ಅವನ ಹಿಂದೆ ಹೋಗಬೇಕು. ನಮ್ಮೂರಲ್ಲೂ ಅಂಥವರು ಇದ್ದಾರೆ. ಅವರಿಗೆ ಹೆಣ್ಣು ಸಿಗುವುದು ಕಷ್ಟ, ಅಷ್ಟೇ.

ಕರೆಂಟ್ ಹೋದ ರಾತ್ರಿಗೆ ಅಂತಲೇ ಬೇಕಾದರೆ ಜಿಮ್ ಕಾರ್ಬೆಟ್ ಅವರ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಪುಸ್ತಕ ಇದೆ, ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ 125 ಜನರನ್ನು ಕೊಂದ ಚಿರತೆ ಅದು. ಓದಿದ ಮೇಲೆ ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗಲು ಹಿಂದೆ ಮುಂದೆ ನೋಡುತ್ತೀರಿ. ನನ್ನನ್ನು ಬೈಯಬೇಡಿ.

ಕುವೆಂಪು ವಿಷಯದಲ್ಲಿ ಹೊರಗಿನಿಂದ ಬಂದವರು ನೇರ ‘ಮಲೆಗಳಲ್ಲಿ ಮದುಮಗಳು’ ಹಿಡಿದು, ಅರ್ಧಕ್ಕೆ ಬಿಟ್ಟು, ಆಮೇಲೆ ಆ ಕಡೆ ತಲೆ ಹಾಕದೆ ಇರುವುದನ್ನು ನೋಡಿದ್ದೇನೆ. 1967ರಲ್ಲಿ ಬಂದ ಪುಸ್ತಕ, ಕತೆ ಮಾತ್ರ ಹತ್ತೊಂಬತ್ತನೇ ಶತಮಾನದ ಕೊನೆಯದ್ದು. ಊರು ಜಾಸ್ತಿ, ಮನೆ ಜಾಸ್ತಿ, ಜನ ಇನ್ನೂ ಜಾಸ್ತಿ. ಒಂದು ಚೀಟಿಯಲ್ಲಿ ಯಾವ ಮನೆಯವರು ಯಾರು ಅಂತ ಬರೆದಿಟ್ಟುಕೊಂಡು ಓದಿದರೆ ಏನೂ ತೊಂದರೆ ಇಲ್ಲ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ‘ಮಲೆನಾಡಿನ ಚಿತ್ರಗಳು’ ಸಣ್ಣ ಪುಸ್ತಕ, ಅದರಿಂದ ಶುರು ಮಾಡಿ. ಭಾಷೆ ಹಳೆಯದು, ತುಂಟತನ ಮಾತ್ರ ಹೊಸದಾಗಿಯೇ ಇದೆ.

ಸಾಗರದಲ್ಲಿ ಇದ್ದುಕೊಂಡು ನಾ. ಡಿಸೋಜ ಅವರನ್ನು ಓದದೆ ಇರಬೇಡಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ಹಳ್ಳಿಗಳು, ಗದ್ದೆ, ತೋಟ ನೀರಿನಡಿ ಹೋದವು. ಆ ಸಂಕಟವನ್ನು ಅವರಷ್ಟು ಹತ್ತಿರದಿಂದ ಬರೆದವರು ಬೇರೆ ಇಲ್ಲ, ಯಾಕೆಂದರೆ ಅವರು ಸರ್ಕಾರಿ ನೌಕರಿಯಲ್ಲಿ ಅದೇ ಜಾಗದಲ್ಲಿ ಇದ್ದವರು. ‘ದ್ವೀಪ’ ಸಣ್ಣ ಕಾದಂಬರಿ. ನೀರು ದಿನಾ ಸ್ವಲ್ಪ ಸ್ವಲ್ಪ ಏರುತ್ತದೆ, ಮನೆಯವರು ಇವತ್ತು ಹೋಗೋಣ ನಾಳೆ ಹೋಗೋಣ ಅಂತ ಇರುತ್ತಾರೆ. ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. ನೋಡಿ, ಆದರೆ ಪುಸ್ತಕ ಓದಿದ ಮೇಲೆ. ಸಿಗಂದೂರಿಗೆ 2025ರಲ್ಲಿ ಸೇತುವೆ ಆಯಿತು, ಈಗ ಲಾಂಚಿಗೆ ಕಾಯದೆ ಹಿನ್ನೀರನ್ನು ಭರ್ರನೆ ದಾಟಬಹುದು. ಒಮ್ಮೆ ಇದನ್ನು ಓದಿಕೊಂಡು ದಾಟಿ.

ಸಂಗೀತಕ್ಕೆ ಒಂದೇ ಪುಸ್ತಕ ಹೇಳುತ್ತೇನೆ, ಮಲ್ಲಿಕಾರ್ಜುನ ಮನ್ಸೂರರ ಆತ್ಮಕತೆ ‘ನನ್ನ ರಸಯಾತ್ರೆ’. ಹುಡುಗನಾಗಿದ್ದಾಗ ನಾಟಕ ಕಂಪನಿ, ಅಲ್ಲಿಂದ ಮಿರಜಿನ ನೀಲಕಂಠ ಬುವಾ, ಆಮೇಲೆ ಮಂಜಿ ಖಾನ್, ಭುರ್ಜಿ ಖಾನ್ ಹತ್ರ ಕಲಿಕೆ. ತಾನು ದೊಡ್ಡವನು ಅಂತ ಎಲ್ಲೂ ಹೇಳಿಕೊಳ್ಳುವುದಿಲ್ಲ. ರಾಗ ಗೊತ್ತಿಲ್ಲದವರೂ ಓದಬಹುದು. ನನಗೂ ಗೊತ್ತಿಲ್ಲ.

ಇನ್ನು ಅಮ್ಮನವರ ವಿಷಯ. ಇಲ್ಲಿ ನನಗೆ ಹೇಳುವುದು ಜಾಸ್ತಿ ಇದೆ.

ನಮ್ಮ ಕಡೆ ಕೇಳುವ ಕಾಲ ಅಂದರೆ ಅಡಿಕೆ ಸುಲಿಯುವ ಕಾಲ. ದಸರಾ ಕಳೆದು ಅಡಿಕೆ ಗೊನೆಯ ಕೊಯ್ಲು ಶುರುವಾದರೆ ರಾತ್ರಿ ಊಟ ಆದ ಮೇಲೆ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಕಾಲಲ್ಲಿ ಮಣೆ ಒತ್ತಿ ಹಿಡಿದು, ಕಾಯಿಯನ್ನು ಕತ್ತಿಗೆ ಒಂದು ಸಲ ಕೊಟ್ಟು ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಬೆಳಿಗ್ಗೆ ಅದನ್ನು ಚೊಗರಿಗೆ, ಅಂದರೆ ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿಗೆ, ಹಾಕಿ ಬೇಯಿಸಬೇಕು, ಹಾಗಾಗಿ ಮುಗಿಸದೆ ಏಳುವ ಹಾಗಿಲ್ಲ. ಕಣ್ಣು, ಕೈ ಎರಡೂ ಅಲ್ಲೇ ಇರಬೇಕು, ಖಾಲಿ ಇರುವುದು ಕಿವಿ ಮಾತ್ರ. ಹಿಂದೆ ಭದ್ರಾವತಿ ಆಕಾಶವಾಣಿ, ಆಮೇಲೆ ಕ್ಯಾಸೆಟ್ಟು, ಈಗ ಮೊಬೈಲು. ಈಗ ತುಂಬ ಮನೆಗಳಿಗೆ ಸುಲಿಯುವ ಮಿಷನ್ ಬಂದಿದೆ, ಕೆಲಸ ಬೇಗ ಆಗುತ್ತದೆ, ಆದರೆ ಅದರ ಗಲಾಟೆಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಹೀಗೆ ಕೂತು ಕೇಳಿದ್ದರಲ್ಲಿ ಸೋಸಿ ಉಳಿದದ್ದನ್ನು ಹೇಳುತ್ತೇನೆ.

ಮೊದಲನೆಯದು ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಹಾಡಿ ಹೇಳುವುದು. ಶಿವಮೊಗ್ಗದ ಹತ್ರ ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿ ಕೇಶವಮೂರ್ತಿಗಳು ಕುಮಾರವ್ಯಾಸ ಭಾರತ ಹಾಡಿದ್ದು, ಮತ್ತೂರು ಕೃಷ್ಣಮೂರ್ತಿಗಳು ಅದಕ್ಕೆ ವ್ಯಾಖ್ಯಾನ ಹೇಳಿದ್ದು ರೆಕಾರ್ಡ್ ಆಗಿ ಉಳಿದಿದೆ. ಇಬ್ಬರಿಗೂ ಪದ್ಮಶ್ರೀ ಬಂದಿದೆ, ಕೃಷ್ಣಮೂರ್ತಿಗಳಿಗೆ 2009ರಲ್ಲಿ, ಕೇಶವಮೂರ್ತಿಗಳಿಗೆ 2022ರಲ್ಲಿ. ಒಬ್ಬರು ಒಂದು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅದನ್ನು ನಮ್ಮ ನಿಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ, ಮತ್ತೆ ಮುಂದಿನ ಪದ್ಯ. ಹಳಗನ್ನಡ ನಡುಗನ್ನಡ ಅಂತ ಹೆದರುವುದೇ ಬೇಡ. ಶುರುವಿಗೆ ವಿರಾಟ ಪರ್ವದ ಉತ್ತರ ಕುಮಾರನ ಭಾಗ ಹಾಕಿ. ಹೆಂಗಸರ ಮುಂದೆ ಜಂಬ ಕೊಚ್ಚಿಕೊಂಡು ಹೊರಟವನು ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ, ಬೃಹನ್ನಳೆ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾಳೆ. ಯಾವ ವಯಸ್ಸಿನವರೂ ನಗುತ್ತಾರೆ.

ಕೇಳುವಾಗ ತೊಡೆ ಮೇಲೆ ಬೆರಳಿನಲ್ಲಿ ತಟ್ಟಿ ನೋಡಿ. ಮೂರು, ನಾಲ್ಕು, ಮೂರು, ನಾಲ್ಕು. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ, ಅದರ ಸಣ್ಣ ಸಾಲು ಇಷ್ಟೇ, 14 ಮಾತ್ರೆ. ಎರಡು ಸಣ್ಣ ಸಾಲು ಆದ ಮೇಲೆ ಒಂದು ಉದ್ದದ ಸಾಲು ಬರುತ್ತದೆ. ಅದರಲ್ಲಿ ಈ ಮೂರು ನಾಲ್ಕು ಮೂರು ಸಲ ಬಂದು, ಕೊನೆಗೆ ಒಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23 ಮಾತ್ರೆ. ಮತ್ತೆ ಎರಡು ಸಣ್ಣದು, ಒಂದು ಉದ್ದ. ಆರು ಸಾಲು ಮುಗಿಯಿತು. ಶಾಲೆಯಲ್ಲಿ ಲಘು ಗುರು ಹಾಕಿಸಿ ನಮ್ಮನ್ನು ಅಳಿಸಿದ್ದು ಇದೇ, ಆದರೆ ಕಿವಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ತಾನಾಗಿ ಹಿಡಿತಕ್ಕೆ ಬರುತ್ತದೆ. ಉದ್ದದ ಸಾಲಿನ ಕೊನೆಯಲ್ಲಿ ಗಮಕಿ ಎಲ್ಲಿ ನಿಲ್ಲುತ್ತಾರೆ ಅಂತ ನೀವೇ ಮೊದಲು ಹೇಳುತ್ತೀರಿ.

ಯಕ್ಷಗಾನ ಬಳ್ಳಾರಿಯವರಿಗೆ ಹೊಸದು ಇರಬಹುದು. ಹಾಗಾದರೆ ಕಾಳಿಂಗ ನಾವಡರ ದನಿಯಿಂದ ಶುರು ಮಾಡಿ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದವರು, ಅಂದರೆ ಪದ ಹಾಡಿ ಆಟ ನಡೆಸುವವರು, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು, ಇನ್ನೂ ಚಿಕ್ಕ ವಯಸ್ಸು. ಇವತ್ತಿಗೂ ನಮ್ಮ ಕಡೆ ಹೊಸ ಭಾಗವತರು ಯಾರೇ ಬಂದರೂ ಜನ ಮೊದಲು ಅಳೆಯುವುದು ನಾವಡರ ಜೊತೆ. ಇದು ಹೊಸಬರಿಗೆ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ, ಆದರೂ ನಾನೂ ಅದನ್ನೇ ಮಾಡುತ್ತೇನೆ. ‘ನಾಗಶ್ರೀ’ ಅವರೇ ಬರೆದ ಪ್ರಸಂಗ, ರೆಕಾರ್ಡ್ ಸಿಗುತ್ತದೆ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು, ಚಂಡೆ ಬಂದಾಗ ಸ್ವಲ್ಪ ಒಡೆಯುತ್ತದೆ. ಇಯರ್‌ಫೋನ್ ಬೇಡ, ಸ್ಪೀಕರಿನಲ್ಲೇ ಹಾಕಿ.

ಅದು ರುಚಿಸಿದರೆ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರ ಆಗಿ ಮಾತಾಡುತ್ತಾರೆ, ಬಾಯಿಪಾಠ ಇಲ್ಲದೆ ಅಲ್ಲೇ ಹುಟ್ಟಿಸಿಕೊಂಡು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿ. ಬಾಣ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವಾಗ ನೀವು ಯಾವ ಪಕ್ಷ ಅಂತ ನಿಮಗೇ ಗೊತ್ತಾಗುವುದಿಲ್ಲ. ಕಣ್ಣು ಕಾಣದವರಿಗೆ ಇದರಲ್ಲಿ ಯಾವ ನಷ್ಟವೂ ಇಲ್ಲ, ಅಲ್ವಾ? ನೋಡುವಂಥದ್ದೇ ಏನೂ ಇಲ್ಲವಲ್ಲ.

ಭಾವಗೀತೆಗೆ ‘ನಿತ್ಯೋತ್ಸವ’ ಇದೆ. ನಿಸಾರ್ ಅಹಮದ್ ನಮ್ಮ ಶಿವಮೊಗ್ಗದಲ್ಲಿ ಮೇಷ್ಟ್ರಾಗಿದ್ದವರು, ಜೋಗ ನಿಮಗೀಗ ಹತ್ತಿರ. ಶಿವಮೊಗ್ಗ ಸುಬ್ಬಣ್ಣ ಅವರು ‘ಕಾಡು ಕುದುರೆ’ ಸಿನಿಮಾಕ್ಕೆ ಹಾಡಿ ರಾಷ್ಟ್ರ ಪ್ರಶಸ್ತಿ ತಂದ ಹಾಡನ್ನೂ ಸೇರಿಸಿಕೊಳ್ಳಿ. ಅಮ್ಮನವರಿಗೆ ವಚನ ಇಷ್ಟ ಇದ್ದರೆ ಮನ್ಸೂರರು ಹಾಡಿದ ಅಕ್ಕನ ವಚನಗಳು.

ಒಂದು ಮಾತ್ರ ಬೇಡ ಅನ್ನುತ್ತೇನೆ. ಯೂಟ್ಯೂಬಿನಲ್ಲಿ ಈಗ ಯಂತ್ರದ ದನಿಯಲ್ಲಿ ಓದಿಸಿದ ಕಾದಂಬರಿಗಳು ತುಂಬಿಹೋಗಿವೆ. ಎಲ್ಲಿ ನಿಲ್ಲಬೇಕೋ ಅಲ್ಲಿ ಓಡುತ್ತದೆ, ‘ಅಯ್ಯೋ’ ಅನ್ನುವುದನ್ನು ಬಸ್ ಸ್ಟ್ಯಾಂಡಿನ ಪ್ರಕಟಣೆಯ ಧಾಟಿಯಲ್ಲಿ ಹೇಳುತ್ತದೆ. ಅದಕ್ಕಿಂತ ನೀವೇ ರಾತ್ರಿ ಒಂದು ಅಧ್ಯಾಯ ಅಮ್ಮನಿಗೆ ಓದಿ ಹೇಳಿ, ಕಾರ್ಬೆಟ್ ಅದಕ್ಕೆ ಸರಿಯಾಗುತ್ತದೆ.

ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ, ನಿಮಗೆ ಹೆಗ್ಗೋಡು ಪಕ್ಕದಲ್ಲೇ ಇದೆ. ನೀನಾಸಂ ಇರುವ ಊರು, ಅಕ್ಷರ ಪ್ರಕಾಶನವೂ ಅಲ್ಲಿಯದೇ. ಕೊಂಡ ಮೇಲೆ ಮಳೆಗಾಲ ಮುಗಿಯುವ ತನಕ ಗೋಡೆಗೆ ತಾಗಿಸಿ ಇಡಬೇಡಿ. ಇಲ್ಲಿಯ ಗೋಡೆ ಆಗಸ್ಟಿನಲ್ಲಿ ಬೆವರುತ್ತದೆ, ಬೂಷ್ಟು ಮೊದಲು ಹಿಡಿಯುವುದು ಬೈಂಡಿಂಗಿಗೆ. ಒಲೆ ಇರುವ ಮನೆಯಾದರೆ ಅದರ ಮೇಲಿನ ಅಟ್ಟ ಒಳ್ಳೆಯದು. ಇಲ್ಲದಿದ್ದರೆ ಬಿಸಿಲು ಬಂದ ದಿನ ಬೆನ್ನು ಮೇಲೆ ಮಾಡಿ ಸ್ವಲ್ಪ ಹೊತ್ತು ಹರಡಿ.

ನನ್ನದೂ ಒಂದು ಪ್ರಶ್ನೆ ಇದೆ. ನಿಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ‘ರಕ್ತರಾತ್ರಿ’ ನಾಟಕದಲ್ಲಿ ದ್ರೌಪದಿ ಮಾಡುತ್ತಿದ್ದರಲ್ಲ, ಅವರ ರಂಗಗೀತೆಗಳ ಒಳ್ಳೆಯ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ? ತುಂಡು ತುಂಡು ವಿಡಿಯೋ ಅಲ್ಲ, ಕೂತು ಕೇಳುವಷ್ಟು ಉದ್ದದ್ದು. ಈ ಸಲದ ಕೊಯ್ಲಿನ ಒಳಗೆ ಹೇಳಿದರೆ ಉಪಕಾರ.