ಸ್ಲೀವ್ ಆಗಿ ಹತ್ತು ದಿನ, ಗಟ್ಟಿ ಊಟ ಯಾವಾಗ ಅಂತ ಕೇಳಿದವರಿಗೆ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಮನೆಯವರಿಗೆ ಸ್ಲೀವ್ ಆಪರೇಷನ್, ಅಂದ್ರೆ ತೂಕ ಇಳಿಸೋಕೆ ಜಠರ ಚಿಕ್ಕದು ಮಾಡೋ ಆಪರೇಷನ್, ಆಗಿ ಹತ್ತು ದಿನ, ಹಸಿವೇ ಇಲ್ಲ ಅಂತಾರೆ, ನೀರು ಎರಡು ಗುಟುಕಿಗೇ ಸಾಕು ಅಂತಾರೆ, ಪ್ರೋಟೀನ್ ಪುಡಿ ವಾಸನೆ ಬಂದ್ರೆ ವಾಕರಿಕೆ, ತೂಕ ಮೂರು ದಿನದಿಂದ ಅಲ್ಲೇ ನಿಂತಿದೆ, ಮನೇಲಿ ದೊಡ್ಡವರು ಹೀಗೆ ಬರೀ ನೀರಲ್ಲಿ ಇಟ್ರೆ ನಿಶ್ಶಕ್ತಿ ಆಗುತ್ತೆ ಸ್ವಲ್ಪ ಗಟ್ಟಿಯಾಗಿ ಏನಾದ್ರೂ ಕೊಡಿ ಅಂತಿದಾರೆ, ಕೊಡಬಹುದಾ ಅಂತ ಕೇಳಿದೀರಿ. ಕೊಡಬೇಡಿ. ಅದನ್ನ ಮೊದಲೇ ಹೇಳಿಬಿಡ್ತೀನಿ, ಉಳಿದದ್ದು ನಿಧಾನಕ್ಕೆ.

ನಾನು ಡಾಕ್ಟರ್ ಅಲ್ಲ. ನನಗೆ ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸೋಕೆ ಜಠರಕ್ಕೆ ಮಾಡೋ ಇನ್ನೊಂದು ಥರದ ಆಪರೇಷನ್) ಆಗಿ ಕೆಲವು ವರ್ಷ ಆಯ್ತು, ಆಮೇಲೆ ತಮ್ಮನಿಗೆ ಸ್ಲೀವ್ ಆದಾಗ ಅವನ ಊಟ ನೋಡಿಕೊಂಡಿದ್ದೂ ನಾನೇ, ಹಾಗಾಗಿ ಎರಡೂ ಥರದ್ದು ಹತ್ತಿರದಿಂದ ಗೊತ್ತು. ನಿಮ್ಮ ಡಯಟಿಷಿಯನ್ ಬರೆದುಕೊಟ್ಟ ಚೀಟಿಗೂ ನಾನು ಹೇಳೋದಕ್ಕೂ ಎಲ್ಲಾದ್ರೂ ವ್ಯತ್ಯಾಸ ಬಂದ್ರೆ ಚೀಟಿಯಲ್ಲಿ ಇರೋದೇ ಫೈನಲ್.

ಈ ನೀರು ಊಟ ತೂಕ ಇಳಿಸೋಕೆ ಅಂತ ಮನೇಲಿ ಎಲ್ಲರೂ ಅಂದ್ಕೊಂಡಿರ್ತಾರೆ, ಅದಕ್ಕೇ ಅಯ್ಯೋ ಪಾಪ ಅನ್ಸೋದು. ಅದು ಹೊಲಿಗೆ ಕಾಯೋಕೆ ಅಣ್ಣಾ. ಸ್ಲೀವ್‌ನಲ್ಲಿ ಜಠರದ 75ರಿಂದ 80 ಪರ್ಸೆಂಟ್ ಕತ್ತರಿಸಿ ತೆಗೆದುಬಿಡ್ತಾರೆ, ಉಳಿಯೋದು ಒಂದು ಬಾಳೆಹಣ್ಣಿನಂಥ ಕೊಳವೆ, ಅದರ ಒಂದು ಪಕ್ಕ ಮೇಲಿಂದ ಕೆಳಗಿನ ತನಕ ಸ್ಟೇಪಲ್ ಪಿನ್ನು. ಒಳಗೆ ಇನ್ನೂ ಊತ ಇರುತ್ತೆ. ಕೆಳಗಡೆ ಜಠರದ ಬಾಗಿಲು ಮೊದಲಿನ ಹಾಗೇ ಇರೋದ್ರಿಂದ ಒಳಗಿನ ಒತ್ತಡ ಜಾಸ್ತಿ, ಅದರಲ್ಲಿ ಗಟ್ಟಿ ಪದಾರ್ಥ ಸಿಕ್ಕಿಹಾಕ್ಕೊಂಡು ಜೋರಾಗಿ ವಾಂತಿ ಆಯ್ತು ಅಂದ್ರೆ ಆ ಒತ್ತಡ ಎಲ್ಲ ಹಸಿ ಹೊಲಿಗೆ ಮೇಲೆ ಬೀಳುತ್ತೆ. ಲೀಕ್ ಅಂತಾರಲ್ಲ, ಹೊಲಿಗೆ ಬಿಟ್ಟು ಜಠರದ ಒಳಗಿದ್ದು ಹೊರಗೆ ಸೋರೋದು, ಸ್ಲೀವ್‌ನಲ್ಲಿ ಅದು ಹೆಚ್ಚಾಗಿ ಮೇಲ್ಭಾಗದಲ್ಲಿ, ಅನ್ನನಾಳ ಸೇರೋ ಜಾಗದ ಹತ್ರ ಆಗೋದು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಆಗಬಹುದು. ದೊಡ್ಡವರಿಗೆ ಇದನ್ನೇ ಹೇಳಿ, ಒಳಗಿನ ಗಾಯ ಮಾಗಲಿ ಅಂತ ಕಾಯ್ತಿದೀವಿ ಅನ್ನಿ, ಅರ್ಥ ಆಗುತ್ತೆ.

ಸಾಮಾನ್ಯವಾಗಿ ಕೊಡೋ ಲೆಕ್ಕ ಹೀಗೆ: ಮೊದಲ ಒಂದೆರಡು ದಿನ ತಿಳಿ ದ್ರವ, ಆಮೇಲೆ ಎರಡು ವಾರ ಮುಗಿಯೋ ತನಕ ಹಾಲು, ಸೋಸಿದ ಸೂಪು, ಪ್ರೋಟೀನ್ ಡ್ರಿಂಕ್ ಥರ ಪೂರ್ತಿ ದ್ರವ, ಮೂರು ನಾಲ್ಕನೇ ವಾರ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು, ಐದು ಆರನೇ ವಾರ ಮೆತ್ತಗಿನ ಊಟ, ಅದಾದ ಮೇಲೆ ನಿಧಾನಕ್ಕೆ ಮಾಮೂಲಿ ಊಟ. ಒಂದೊಂದು ಕಡೆ ಒಂದೆರಡು ವಾರ ಹಿಂದೆ ಮುಂದೆ ಇರುತ್ತೆ. ಇನ್ನೊಬ್ಬರು ನಾನು ಹನ್ನೆರಡನೇ ದಿನಕ್ಕೇ ಮೊಟ್ಟೆ ತಿಂದೆ ಏನೂ ಆಗ್ಲಿಲ್ಲ ಅಂದ್ರೆ ಅದನ್ನ ನೋಡಿ ನೀವು ಹಾರಬೇಡಿ.

ಈಗ ನೀರು. ನಿಮ್ಮ ಪ್ರಶ್ನೆಯಲ್ಲಿ ನನಗೆ ಗಾಬರಿ ಆಗಿದ್ದು ಇದೊಂದೇ. ಈ ವಾರಗಳಲ್ಲಿ ಜನ ವಾಪಸ್ ಆಸ್ಪತ್ರೆಗೆ ಹೋಗೋಕೆ ದೊಡ್ಡ ಕಾರಣ ನೀರು ಕಮ್ಮಿ ಆಗೋದು, ತಲೆಸುತ್ತು, ವಾಕರಿಕೆ, ಎಲ್ಲ ಅದರಿಂದಲೇ ಶುರುವಾಗುತ್ತೆ, ಮತ್ತೆ ವಾಕರಿಕೆ ಬಂದ್ರೆ ಇನ್ನೂ ಕಮ್ಮಿ ಕುಡೀತಾರೆ, ಅದೊಂದು ಸುಳಿ. ದಿನಕ್ಕೆ ಒಂದೂವರೆ ಲೀಟರ್ ಗುರಿ, ಹಾಲು ಸೂಪು ಎಲ್ಲ ಸೇರಿಸಿ ಲೆಕ್ಕ. ಒಂದೇ ಸಲಕ್ಕೆ ಲೋಟ ಕೈಗೆ ಕೊಡಬೇಡಿ, ನೋಡಿದ್ರೇ ಬೇಡ ಅನ್ಸುತ್ತೆ. ಚಿಕ್ಕ ಔಷಧಿ ಕಪ್ ಇರುತ್ತಲ್ಲ 30 ಎಂಎಲ್‌ದು, ಅದರಲ್ಲಿ ಹಾಕಿ ಹದಿನೈದು ನಿಮಿಷಕ್ಕೆ ಒಂದು ಕಪ್ ಮುಗಿಸಲಿ, ಗಂಟೆಗೆ 120 ಆಯ್ತು, ಎದ್ದಿರೋ ಹನ್ನೆರಡು ಹದಿಮೂರು ಗಂಟೇಲಿ ಒಂದೂವರೆ ಲೀಟರ್ ತಾನಾಗೇ ಮುಟ್ಟುತ್ತೆ. ತಣ್ಣೀರು ಎದೆ ಹಿಡಿದ ಹಾಗೆ ಆಗ್ತಿದ್ರೆ ಉಗುರುಬೆಚ್ಚಗೆ ಕೊಟ್ಟು ನೋಡಿ, ಕೆಲವರಿಗೆ ಅದೇ ಸಲೀಸು, ಇನ್ನು ಕೆಲವರಿಗೆ ಐಸ್ ಚೂರು ಚೀಪೋದು ಸರಿಹೋಗುತ್ತೆ. ನೀರಿನ ರುಚಿಯೇ ಬೇಜಾರು ಅಂದ್ರೆ ಎರಡು ಹನಿ ನಿಂಬೆರಸ ಹಾಕಬಹುದಾ ಅಂತ ಕೇಳಿ ಹಾಕಿ. ಸ್ಟ್ರಾ ಬೇಡ, ಗಾಳಿ ನುಂಗಿ ಹೊಟ್ಟೆ ಉಬ್ಬುತ್ತೆ. ಸೋಡಾ ಕೋಲಾ ಥರದ್ದು ಬೇಡವೇ ಬೇಡ. ಮೂತ್ರದ ಬಣ್ಣ ನೋಡ್ತಾ ಇರಿ, ತಿಳಿ ಹಳದಿ ಇದ್ರೆ ಸರಿ, ಗಾಢ ಆಗಿ ಅಥವಾ ಅರ್ಧ ದಿನ ಹೋಗೇ ಇಲ್ಲ ಅಂದ್ರೆ ಡಾಕ್ಟರಿಗೆ ಫೋನ್ ಮಾಡೋದೇ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಅಂತ ಚೀಟಿಯಲ್ಲಿ ಇರುತ್ತೆ, ಎರಡನೇ ವಾರಕ್ಕೇ ಅಷ್ಟು ಮುಟ್ಟೋರು ಕಮ್ಮಿ, ಅದಕ್ಕೆ ಅವರನ್ನ ಬೈಯಬೇಡಿ. ಮೊದಲು ನೀರು ಸರಿ ಆಗಲಿ, ಪ್ರೋಟೀನ್ ದಿನದಿಂದ ದಿನಕ್ಕೆ ಏರಿಸಿ. ವಾಸನೆ ತಡೆಯೋಕೆ ಆಗ್ತಿಲ್ಲ ಅನ್ನೋದು ತುಂಬಾ ಜನಕ್ಕೆ ಆಗುತ್ತೆ, ಆಪರೇಷನ್ ಆದ್ಮೇಲೆ ನಾಲಿಗೆ ಮೂಗು ಎರಡೂ ಬದಲಾಗುತ್ತೆ, ಮೊದಲು ಇಷ್ಟವಾಗಿದ್ದ ಚಾಕಲೇಟ್ ಫ್ಲೇವರ್ ಈಗ ಅತಿ ಸಿಹಿ ಅನ್ಸುತ್ತೆ. ಫ್ಲೇವರ್ ಇಲ್ಲದ ಪುಡಿ ತಂದು ಸೋಸಿದ ಸೂಪಿಗೆ ಕಲಸಿ, ಆದ್ರೆ ಸೂಪು ಕುಡಿಯೋ ಹದಕ್ಕೆ ಆರಿದ ಮೇಲೆ ಹಾಕಿ, ಕುದಿಯೋದಕ್ಕೆ ಹಾಕಿದ್ರೆ ಗಂಟು ಕಟ್ಟಿ ಮೊಸರು ಒಡೆದ ಹಾಗೆ ಆಗುತ್ತೆ. ಸಿಹಿ ಪುಡಿಯೇ ಇದ್ರೆ ಅರ್ಧ ಅಳತೆ ಹಾಕಿ ಚೆನ್ನಾಗಿ ತಣ್ಣಗೆ ಮಾಡಿ ಮುಚ್ಚಳ ಇರೋ ಕಪ್‌ನಲ್ಲಿ ಕೊಡಿ, ತಣ್ಣಗಿದ್ರೆ ವಾಸನೆ ಏಳಲ್ಲ. ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಡು, ಭೇದಿ ಆಗ್ತಿದ್ರೆ ಅದು ಲ್ಯಾಕ್ಟೋಸ್ ಅನ್ನೋ ಹಾಲಿನ ಸಕ್ಕರೆ ಜೀರ್ಣ ಆಗದೇ ಇರಬಹುದು, ಆಪರೇಷನ್ ಆದ್ಮೇಲೆ ಹೊಸದಾಗಿ ಶುರುವಾಗೋದೂ ಉಂಟು, ಆಗ ವೇ ಐಸೊಲೇಟ್ (ಲ್ಯಾಕ್ಟೋಸ್ ಬಹುಪಾಲು ತೆಗೆದ ಹಾಲಿನ ಪ್ರೋಟೀನ್ ಪುಡಿ) ಅಥವಾ ಸೋಯಾ ಪುಡಿ ಕೇಳಿ. ಮಾಮೂಲಿ ಹಾಲಿಗೇ ಕೆನೆ ತೆಗೆದ ಹಾಲಿನ ಪುಡಿ ಎರಡು ಚಮಚ ಕಲಸಿದ್ರೂ ಪ್ರೋಟೀನ್ ಜಾಸ್ತಿ ಆಗುತ್ತೆ, ವಾಸನೆಯ ರಗಳೆನೂ ಇಲ್ಲ.

ಹಸಿವೇ ಇಲ್ಲ ಅಂತಾರೆ ಅಂದ್ರಲ್ಲ, ಅದೂ ಸಹಜ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಜಠರದ ಮೇಲಿನ ಭಾಗದಲ್ಲಿ, ಸ್ಲೀವ್‌ನಲ್ಲಿ ತೆಗೆಯೋದೇ ಅದನ್ನ. ಹಾಗಾಗಿ ಹಸಿವಾದಾಗ ಕೇಳ್ತಾರೆ ಬಿಡು ಅಂತ ಕೂರೋ ಹಾಗಿಲ್ಲ, ಗಡಿಯಾರ ನೋಡಿ ಕೊಡಬೇಕು. ಫೋನಲ್ಲಿ ಅಲಾರಂ ಇಡಿ.

ಮುಂದಿನ ಹಂತಕ್ಕೆ ಹೋದಾಗ ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ. ನುಣ್ಣಗೆ ಬೇಯಿಸಿ ಅರೆದ ಬೇಳೆ, ನೀರಾಗಿ ಕಡೆದ ಮೊಸರು, ಅರೆದ ಮೊಟ್ಟೆ, ತಿನ್ನೋರಾದ್ರೆ ಮೀನು ಕೋಳಿ ಸಾರಿನ ಜೊತೆ ಅರೆದು, ನಾಲ್ಕೈದು ಸಣ್ಣ ಚಮಚದಿಂದ ಶುರು. ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಅನ್ನ ಬ್ರೆಡ್ ಕೊನೆಗೆ. ಅಗಿಯೋ ಊಟಕ್ಕೆ ಬಂದಾಗ ಹೆಚ್ಚು ಕಾಟ ಕೊಡೋದು ಒಣಗಿದ ಕೋಳಿ, ಮೆತ್ತಗಿನ ಬ್ರೆಡ್, ಅಂಟಂಟು ಅನ್ನ. ಬ್ರೆಡ್ ಮೆತ್ತಗಿದೆ ಅಂತ ಸಲೀಸು ಅಂದ್ಕೊಂಡುಬಿಡ್ತಾರೆ, ಆದ್ರೆ ಅದು ಒಳಗೆ ಹಿಟ್ಟಿನ ಉಂಡೆ ಆಗಿ ಕೂತುಬಿಡುತ್ತೆ. ತುತ್ತು ಬಟಾಣಿ ಕಾಳಿನಷ್ಟು, ಇಪ್ಪತ್ತು ಮೂವತ್ತು ಸಲ ಅಗಿದು, ತುತ್ತಿಗೂ ತುತ್ತಿಗೂ ಮಧ್ಯೆ ಚಮಚ ಕೆಳಗಿಟ್ಟು, ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಊಟದ ಜೊತೆ ನೀರು ಬೇಡ, ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಶುರು ಮಾಡಲಿ. ಹೊಟ್ಟೆ ತುಂಬಿತು ಅನ್ನೋ ಸೂಚನೆ ಈಗ ಬೇರೆ ಥರ ಬರುತ್ತೆ, ಎದೆ ಮಧ್ಯೆ ಒತ್ತಿದ ಹಾಗೆ, ಬಿಕ್ಕಳಿಕೆ, ಮೂಗು ಸೋರೋದು, ಬಾಯಿ ತುಂಬಾ ನೊರೆ ಜೊಲ್ಲು. ಅದು ಬಂತು ಅಂದ್ರೆ ತಟ್ಟೇಲಿ ಒಂದೇ ಚಮಚ ಉಳಿದಿದ್ರೂ ಅಲ್ಲಿಗೆ ನಿಲ್ಲಿಸಿ, ಬಡಿಸಿದ್ದು ವ್ಯರ್ಥ ಆಗುತ್ತೆ ಅಂತ ಮುಗಿಸಿ ಅನ್ನಬೇಡಿ. ಸಿಕ್ಕಿಕೊಂಡಾಗ ಮೇಲಿಂದ ನೀರು ಸುರಿದು ಇಳಿಸೋಕೆ ಹೋಗಬಾರದು, ಎದ್ದು ಮೆಲ್ಲಗೆ ಓಡಾಡಲಿ.

ವಾಂತಿ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇರೆಯವರೂ ಓದಲಿ. ಆಪರೇಷನ್ ಆದವರಿಗೆ ವಾಂತಿ ಇದ್ದಿದ್ದೇ ಅಂತ ಯಾರೋ ಹೇಳ್ತಾರೆ ಅಂತ ಸಹಿಸಿಕೊಂಡು ಕೂರೋದು ತುಂಬಾ ತಪ್ಪು. ಅವಸರಕ್ಕೆ ತಿಂದು ಒಂದ್ಸಲ ಬಂತು ಅಂದ್ರೆ ಸರಿ. ದಿನಾ ಬರ್ತಿದೆ, ಎರಡು ಮೂರು ದಿನದಿಂದ ಏನೂ ನಿಲ್ತಿಲ್ಲ ಅಂದ್ರೆ ಅದಕ್ಕೊಂದು ಕಾರಣ ಇದೆ, ದಾರಿ ಕಿರಿದಾಗಿರಬಹುದು, ಹುಣ್ಣಾಗಿರಬಹುದು, ಕಿರಿದಾಗಿದ್ರೆ ಎಂಡೋಸ್ಕೋಪಿ ಮಾಡಿ ಬಲೂನಿನಿಂದ ಹಿಗ್ಗಿಸ್ತಾರೆ. ಇನ್ನೊಂದು ಇದಕ್ಕಿಂತ ದೊಡ್ಡದು, ಥಯಾಮಿನ್ ಅಂದ್ರೆ ವಿಟಮಿನ್ ಬಿ1. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಇರೋದು. ಊಟ ಕಮ್ಮಿ, ಮೇಲೆ ವಾಂತಿ, ಮಾತ್ರೆನೂ ನಿಲ್ತಿಲ್ಲ ಅಂದ್ರೆ ಅದು ಖಾಲಿಯಾಗಿ ನರಕ್ಕೆ ಮಿದುಳಿಗೆ ಏಟು ಬೀಳುತ್ತೆ, ಕಣ್ಣಿಗೆ ಎರಡೆರಡು ಕಾಣೋದು, ನಡೆಯುವಾಗ ತೂರಾಡೋದು, ಕಾಲು ಜೋಮು, ಮಾತಲ್ಲಿ ಗೊಂದಲ. ತಡ ಮಾಡಿದ್ರೆ ಕೆಲವು ತೊಂದರೆ ಹಾಗೇ ಉಳಿದುಬಿಡುತ್ತೆ. ಸುಸ್ತು ಅಂತ ಹತ್ತಿರದ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಗ್ಲೂಕೋಸ್ ಡ್ರಿಪ್ ಹಾಕಿಸಬೇಕಾದ್ರೆ, ಇವರಿಗೆ ತೂಕದ ಆಪರೇಷನ್ ಆಗಿದೆ ವಾಂತಿ ಆಗ್ತಿದೆ ಅಂತ ಬಾಯಿಬಿಟ್ಟು ಹೇಳಿ, ಗ್ಲೂಕೋಸಿಗೆ ಮೊದಲು ಥಯಾಮಿನ್ ಕೊಡಬೇಕಾಗುತ್ತೆ, ಇಲ್ಲಾಂದ್ರೆ ಉಳಿದಿರೋ ಚೂರುಪಾರೂ ಖರ್ಚಾಗಿ ಇನ್ನೂ ಕೆಡುತ್ತೆ.

ಕಾಯದೇ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಅಂದ್ರೆ, ಸುಮ್ಮನೆ ಮಲಗಿದ್ದಾಗಲೂ ನಾಡಿ 120ರ ಮೇಲೆ ಓಡೋದು, ಜ್ವರ, ಚಳಿ ನಡುಕ, ಹೊಟ್ಟೆನೋವು ಕಮ್ಮಿ ಆಗೋ ಬದಲು ಏರ್ತಾ ಹೋಗೋದು, ಎಡ ಭುಜದ ನೋವು, ಉಸಿರು ಕಟ್ಟೋದು, ಒಂದು ಕಾಲಿನ ಮೀನಖಂಡ ಊದಿ ನೋಯೋದು, ಕಪ್ಪು ಮಲ. ಮೊದಲೆರಡು ದಿನ ಆಪರೇಷನ್ ಗ್ಯಾಸ್‌ನಿಂದಲೂ ಭುಜ ನೋಯುತ್ತೆ, ಅದು ಇಷ್ಟೊತ್ತಿಗೆ ಹೋಗಿರಬೇಕು. ಲೀಕ್ ಆದಾಗ ಕೆಲವರಲ್ಲಿ ಮೊದಲು ಏರೋದು ಬರೀ ನಾಡಿ, ನೋವು ಜ್ವರ ಆಮೇಲೆ, ಅದಕ್ಕೇ ಬೆಳಗ್ಗೆ ಸಂಜೆ ನಾಡಿ ಎಣಿಸಿ ಬರೆದಿಡಿ.

ಮಾತ್ರೆ ವಿಷಯ. ತಲೆನೋವು ಸೊಂಟನೋವಿಗೆ ಐಬುಪ್ರೊಫೆನ್ ಡೈಕ್ಲೊಫೆನಾಕ್ ಥರದ್ದು ಕೊಡಬೇಡಿ, ಹುಣ್ಣಾಗುತ್ತೆ, ಬೈಪಾಸ್ ಆದವರಂತೂ ಮುಟ್ಟಲೇಬಾರದು, ಬೇಕಾದ್ರೆ ಪ್ಯಾರಾಸಿಟಮಾಲ್. ಸಿಗರೇಟ್ ಅಭ್ಯಾಸ ಇರೋರು ಇಲ್ಲಿ ಇದ್ರೆ ಅವರಿಗೂ ಇದೇ ಮಾತು, ಅದರಿಂದಲೂ ಹುಣ್ಣಾಗುತ್ತೆ. ಶುಗರ್ ಬಿಪಿ ಮಾತ್ರೆ ಮೊದಲಿನ ಡೋಸೇ ಮುಂದುವರಿಸ್ತಿದ್ರೆ ಇವತ್ತೇ ಕೇಳಿ, ಊಟ ಇಷ್ಟು ಕಮ್ಮಿ ಇರುವಾಗ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಹಾಗೇ ತಗೊಂಡ್ರೆ ಶುಗರ್ ಪಾತಾಳಕ್ಕೆ ಹೋಗುತ್ತೆ. ನಿಧಾನಕ್ಕೆ ಬಿಡುಗಡೆ ಆಗೋ ಥರದ ಮಾತ್ರೆನ ಕುಟ್ಟಿ ಪುಡಿ ಮಾಡಿ ಕೊಡಬೇಡಿ, ಬೇರೆ ರೂಪದಲ್ಲಿ ಸಿಗುತ್ತಾ ಕೇಳಿ. ವಿಟಮಿನ್ ಜೀವನ ಪೂರ್ತಿ ಅಣ್ಣಾ, ಮಲ್ಟಿವಿಟಮಿನ್, ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್ ಆದ್ರೆ ಹೊಟ್ಟೇಲಿ ಆಸಿಡ್ ಕಮ್ಮಿ ಇದ್ರೂ ಹೀರಿಕೊಳ್ಳುತ್ತೆ, ದಿನದ್ದು 1200ರಿಂದ 1500 ಮಿಲಿಗ್ರಾಂ ಒಂದೇ ಸಲ ಅಲ್ಲ, 500ರ ಹಾಗೆ ಮೂರು ಸಲ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ, ಒಟ್ಟಿಗೆ ಕೊಟ್ರೆ ಒಂದನ್ನೊಂದು ತಡೆಯುತ್ತೆ. ಪಿತ್ತಕೋಶದ ಕಲ್ಲು ಆಗದ ಹಾಗೆ ಆರು ತಿಂಗಳು ಉರ್ಸೋಡಿಯಾಕ್ಸಿಕೋಲಿಕ್ ಮಾತ್ರೆ ಬರೆದಿದ್ರೆ ಅದನ್ನೂ ಬಿಡಬೇಡಿ, ತೂಕ ಬೇಗ ಇಳಿಯೋವಾಗ ಕಲ್ಲು ಆಗೋದು ಜಾಸ್ತಿ.

ಸಿಹಿ ಬಗ್ಗೆ ಬೈಪಾಸ್ ಆದವರಿಗೆ ಒಂದು ಮಾತು, ಸಕ್ಕರೆ ಜಾಸ್ತಿ ಇರೋದು ನೇರ ಕರುಳಿಗೆ ಬಿದ್ದು ಹತ್ತಿಪ್ಪತ್ತು ನಿಮಿಷಕ್ಕೇ ಬೆವರು, ಎದೆ ಢವಢವ, ಹೊಟ್ಟೆ ತೊಳೆಸಿ ಭೇದಿ, ಇದನ್ನೇ ಡಂಪಿಂಗ್ ಅನ್ನೋದು. ಸ್ಲೀವ್‌ನವರಿಗೆ ಕಮ್ಮಿ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ.

ತೂಕ ನಿಂತಿರೋದಕ್ಕೆ ಚಿಂತೆ ಬೇಡ. ಮೊದಲ ವಾರ ಸರಸರ ಇಳಿದಿದ್ದರಲ್ಲಿ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು ಗ್ಲೈಕೋಜೆನ್ನೂ ಅದು ಹಿಡಿದಿಟ್ಟಿದ್ದ ನೀರೂ ದೊಡ್ಡ ಪಾಲು. ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ಒಂದು ನಿಲುಗಡೆ ಬಹಳ ಜನಕ್ಕೆ ಬರುತ್ತೆ, ತಾನಾಗೇ ಬಿಡುತ್ತೆ. ದಯವಿಟ್ಟು ದಿನಾ ಮಷಿನ್ ಮೇಲೆ ಹತ್ತಿಸಬೇಡಿ, ವಾರಕ್ಕೊಮ್ಮೆ ಸಾಕು. ಈಗ ಅವರ ಕೆಲಸ ಗಾಯ ಮಾಯಿಸಿಕೊಳ್ಳೋದು ಮಾತ್ರ. ಓಡಾಟ ಮಾತ್ರ ಬಿಡಬಾರದು, ಐದೈದು ನಿಮಿಷ ಮನೆಯೊಳಗೇ ಆದ್ರೂ ದಿನಕ್ಕೆ ಹಲವು ಸಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು. ಭಾರ ಎತ್ತೋದು, ಬಿಂದಿಗೆ, ಮಗು, ಒದ್ದೆ ಬಟ್ಟೆ ಬಕೆಟ್ಟು, ನಾಲ್ಕರಿಂದ ಆರು ವಾರ ಬೇಡ, ಅದನ್ನ ಮನೆಯವರೇ ಹಂಚ್ಕೊಳ್ಳಿ. ಮಲಬದ್ಧತೆ ಆಗುತ್ತೆ, ತಿಣುಕಬೇಡಿ ಅನ್ನಿ, ಡಾಕ್ಟರನ್ನ ಕೇಳಿ ಸಿರಪ್ ತಗೊಳ್ಳಿ. ಮೂರನೇ ತಿಂಗಳಿನಿಂದ ಕೂದಲು ಉದುರಬಹುದು, ಹೆಚ್ಚಿನವರಿಗೆ ವಾಪಸ್ ಬರುತ್ತೆ, ಈಗಲೇ ಹೇಳಿಟ್ಟಿದ್ರೆ ಆಗ ಹೆದರಲ್ಲ. ಮಗು ಬೇಕು ಅನ್ನೋ ಯೋಚನೆ ಇದ್ರೆ ಒಂದರಿಂದ ಒಂದೂವರೆ ವರ್ಷ ಮುಂದೂಡಿ ಅಂತಾರೆ, ಅದನ್ನೂ ಕೇಳಿಕೊಳ್ಳಿ.

ಅವರು ಸುಮ್ ಸುಮ್ನೆ ಅಳ್ತಾರೆ ಅಂತ ಕೆಳಗೆ ಇನ್ನೊಂದು ಕಾಮೆಂಟಲ್ಲಿ ಬರೆದಿದ್ರಿ. ಊಟ ಅಂದ್ರೆ ಎಷ್ಟೋ ವರ್ಷದ ಸಮಾಧಾನ, ಅದು ಒಂದೇ ದಿನದಲ್ಲಿ ನಿಂತುಹೋಗಿದೆ, ಹಸಿವಿಲ್ಲದಿದ್ರೂ ತಿನ್ನಬೇಕು ಅನ್ನೋ ಆಸೆ ತಲೆಯೊಳಗೆ ಇದ್ದೇ ಇರುತ್ತೆ. ಅವರ ಎದುರು ಮನೆಯವರೆಲ್ಲ ದೊಡ್ಡ ತಟ್ಟೆ ಹಾಕ್ಕೊಂಡು ಕೂರೋದು ಸ್ವಲ್ಪ ದಿನ ಬೇಡ, ಅವರ ಕಪ್ ಕುಡಿಯೋ ಹೊತ್ತಲ್ಲಿ ನೀವು ಪಕ್ಕದಲ್ಲಿ ಕೂತು ಬೇರೇನಾದ್ರೂ ಮಾತಾಡಿ. ಎರಡು ವಾರ ಆದ್ರೂ ಮಂಕು ಹಾಗೇ ಇದ್ರೆ ಡಾಕ್ಟರ ಹತ್ರ ಇದನ್ನೂ ಹೇಳಿ, ಇದೂ ಚಿಕಿತ್ಸೆಯ ಒಂದು ಭಾಗವೇ.

ಇವತ್ತು ರಾತ್ರಿ ಮಲಗೋಕೆ ಮುಂಚೆ ಅವರು ಎಷ್ಟು ಎಂಎಲ್ ಕುಡಿದ್ರು, ಮೂತ್ರಕ್ಕೆ ಎಷ್ಟು ಸಲ ಹೋದ್ರು, ನಾಡಿ ಎಷ್ಟು ಅಂತ ಲೆಕ್ಕ ಹಾಕಿ. ಒಟ್ಟು ಒಂದು ಲೀಟರಿಗಿಂತ ಕಮ್ಮಿ ಇದ್ರೆ ನಾಳೆ ಬೆಳಗ್ಗೆನೇ ಸರ್ಜನ್ ಟೀಮಿಗೆ ಫೋನ್ ಮಾಡಿ ಆ ನಂಬರ್‌ಗಳನ್ನೇ ಹೇಳಿ, ಸುಸ್ತಾಗಿದೆ ಅಂತ ಮಾತ್ರ ಹೇಳಿದ್ರೆ ಅವರಿಗೆ ಗೊತ್ತಾಗಲ್ಲ. ತಲೆಸುತ್ತು ಅಥವಾ ನಾಡಿ ಜೋರು ಇದ್ರೆ ಬೆಳಗ್ಗೆ ತನಕನೂ ಕಾಯಬೇಡಿ. ಆಮೇಲೆ ಏನಾಯ್ತು ಅಂತ ಇಲ್ಲೇ ಬರೀರಿ ಅಣ್ಣಾ, ನೋಡ್ತಿರ್ತೀನಿ.